ಟೇಪಣ್ಣನ ತೋಟಕ್ಕೆ ಕಟಿಂಗು

ಟೇಪಣ್ಣ ಮಾಡಿದ ತಪ್ಪು ಒಂದೇ. ತನ್ನ ತೋಟ ನೋಡಲು ಇವತ್ತು ಕೃಷಿ ಇಲಾಖೆಯ ಮೇಡಂ ಬರುತ್ತಾರೆ ಎಂದು ಹಾಲಿನ ಅಂಗಡಿಯಲ್ಲಿ ಬಾಯಿ ಬಿಟ್ಟ. ನಾನು ಉತ್ಪ್ರೇಕ್ಷೆ ಮಾಡುವವನೇ ಅಲ್ಲ. ಆದರೆ ಅವನು ಹಾಲು ಹಿಡಿದು ಮನೆ ಸೇರುವಷ್ಟರಲ್ಲಿ ಸುದ್ದಿ ಬೀದಿಯನ್ನೆಲ್ಲ ಸುತ್ತಿ, ಸುಸ್ತಾಗಿ, ಅವನ ಮನೆಯ ಮೆಟ್ಟಿಲ ಮೇಲೆಯೇ ಕೂತು ಕಾಯುತ್ತಿತ್ತು.

ಟೇಪಣ್ಣ ದರ್ಜಿ. ಅಳತೆಯ ಟೇಪು ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಮನೆಯ ಹಿಂದೆ ಅವನಿಗೆ ಅಂಗೈಯಗಲದ ಜಾಗ. ಅಲ್ಲಿ ಅವನು ತುರುಕದ ಗಿಡವಿಲ್ಲ. ಪಪ್ಪಾಯಿಯ ಕಾಲಿಗೆ ಗೆಣಸು, ಗೆಣಸಿನ ಪಕ್ಕ ಬದನೆ, ನುಗ್ಗೆಯ ಹೆಗಲ ಮೇಲೆ ಬಳ್ಳಿ, ನಡುನಡುವೆ ದಾಳಿಂಬೆ, ನಿಂಬೆ, ಅಲಸಂದೆ. "ಒಂದು ಕೈಕೊಟ್ರೆ ಇನ್ನೊಂದು ಕೈ ಹಿಡಿಯುತ್ತೆ" ಎಂಬುದು ಅವನ ವಾದ. ಕಳೆದ ವರ್ಷ ಹುಳುಗಳ ಸೈನ್ಯ ಬಂದು ಬೇಲಿಯಾಚೆಯ ಭಾಮೈದನ ಎಲೆಕೋಸನ್ನೆಲ್ಲ ನುಂಗಿತು. ಟೇಪಣ್ಣನ ತೋಟ ಹೊಕ್ಕ ಹುಳುಗಳು ಮಾತ್ರ ದಾರಿ ತಪ್ಪಿ, ಅಳುತ್ತಾ ಮನೆಗೆ ಹೋದವು.

ಹುಳುಗಳಿಗೆ ಅರ್ಥವಾದದ್ದು ಹೆಂಡತಿಗೆ ಆಗಿರಲಿಲ್ಲ.

"ಮೇಡಂ ಬಂದು ‘ಮಾದರಿ ತೋಟ’ ಅಂತ ಬೋರ್ಡು ನೆಟ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಈ ಜಾಗ ನನ್ನ ತಮ್ಮನಿಗೆ. ಹಗ್ಗದ ಮೇಲೆ ಟವೆಲ್ ಹಾಕಿದ್ರೆ ಅದಕ್ಕೂ ಬಳ್ಳಿ ಸುತ್ಕೊಳ್ಳುತ್ತಲ್ರೀ!"

"ಬೋರ್ಡು ಬಂದೇ ಬರುತ್ತೆ ಕಣೇ" ಎಂದ ಟೇಪಣ್ಣ. ಅಷ್ಟರಲ್ಲಿ ಬಾಗಿಲಲ್ಲಿ ಸೀಟಿ ಕೇಳಿಸಿತು.

ನಿವೃತ್ತ ಡ್ರಿಲ್ ಮೇಷ್ಟ್ರು. ಮನೆಯಲ್ಲಿ ಊಟದ ತಟ್ಟೆಗಳನ್ನೂ ಎತ್ತರದ ಪ್ರಕಾರ ನಿಲ್ಲಿಸುವವರು. ಅವರು ತೋಟ ನೋಡಿ ಎದೆ ಹಿಡಿದುಕೊಂಡರು.

"ಏನಯ್ಯಾ ಇದು, ಬಸ್ ಸ್ಟ್ಯಾಂಡಾ? ಅಧಿಕಾರಿಗಳು ಬರ್ತಾರೆ ಅಂತೀಯ, ಸಾಲು ಎಲ್ಲಿ?" ಎಂದವರೇ ಟೇಪಣ್ಣನ ಕೊರಳಿನಿಂದಲೇ ಟೇಪು ಎಳೆದು ಅಳೆದರು. ಸಾಲು ತಪ್ಪಿ ನಿಂತವರಿಗೆಲ್ಲ ಶಿಕ್ಷೆ, ಬೇರುಸಹಿತ.

"ಅಯ್ಯೋ, ಅದು ಕಳೆ ಅಲ್ಲ ಮೇಷ್ಟ್ರೇ, ಅಲಸಂದೆ! ಮಣ್ಣಿಗೆ ಸಾರ ಕೊಡುತ್ತೆ!"

"ಕೊಡ್ಲಿ, ಬೇಡ ಅಂದೋರ್ಯಾರು? ಸಾಲಲ್ಲಿ ನಿಂತು ಕೊಡ್ಲಿ!"

ಅವರ ಹಿಂದೆಯೇ ಎದುರುಮನೆಯ ಬ್ಯೂಟಿ ಪಾರ್ಲರಿನ ಅಕ್ಕ ಕತ್ತರಿ ಕುಣಿಸುತ್ತಾ ಬಂದಳು. "ಮೊದಲ ನೋಟ ಮುಖ್ಯ ಅಣ್ಣಾ. ಈ ನುಗ್ಗೆ ತಲೆ ಬಾಚ್ಕೊಂಡು ಎಷ್ಟು ವರ್ಷ ಆಯ್ತು?" ಹುಬ್ಬು ತಿದ್ದುವ ಕೈ ಅದು, ಸುಮ್ಮನಿದ್ದೀತೇ? ದಾಳಿಂಬೆ ಚೆಂಡಾಯಿತು. ನಿಂಬೆ ಛತ್ರಿಯಾಯಿತು. ನುಗ್ಗೆ ಧ್ವಜವಿಲ್ಲದ ಧ್ವಜಸ್ತಂಭವಾಯಿತು.

ಹೆಂಡತಿ ಪೊರಕೆ ತಂದು ನೆಲದ ತರಗೆಲೆಗಳನ್ನೆಲ್ಲ ಗುಡಿಸತೊಡಗಿದಳು.

"ಅದು ಮಣ್ಣಿನ ಹೊದಿಕೆ ಕಣೇ! ತೇವ ಹಿಡ್ಕೊಳ್ಳುತ್ತೆ!"

"ಹೊದ್ಕೊಂಡು ಮಲಗಿದ್ದು ಸಾಕು. ಮೇಡಂ ಬರೋ ಹೊತ್ತಾಯ್ತು, ಎಬ್ಬಿಸ್ರೀ!"

ಕಿತ್ತದ್ದು, ಕತ್ತರಿಸಿದ್ದು, ಗುಡಿಸಿದ್ದು ಎಲ್ಲ ಬೇಲಿಯಾಚೆ ಹಾರಿತು. ಅಲ್ಲಿ ಎಲೆಕೋಸಿಗೆ ಕಾವಲು ನಿಂತಿದ್ದ ಭಾಮೈದ ಕೂಗಿದ: "ಭಾವ, ನನ್ನ ಕಸದ ಮೂಲೆ ನಿಮಗೆ ಬರ್ಕೊಟ್ಟಿದ್ದೀನಾ? ಹೆಚ್ಚಾದ ಸಸಿ, ಕೊಳೆತ ಹಣ್ಣು, ಹಳೇ ಬೀಜ, ವರ್ಷಗಟ್ಟಲೆ ಇಲ್ಲೇ ಎಸೀತಿದ್ದೀರಿ. ಹೋಗ್ಲಿ ಬಿಡಿ, ನಾಳೆ ಹೇಗೂ ಆ ಜಾಗ ನಂದೇ!"

ಟೇಪಣ್ಣ ಹಿಂದೆ ತಿರುಗಿ ನೋಡಿದ. ಅವನ ತೋಟ ಈಗ ಇಸ್ತ್ರಿ ಹಾಕಿದ ಪ್ಯಾಂಟಿನ ಹಾಗೆ ಮಿನುಗುತ್ತಿತ್ತು. ಒಳಗೆ ಕಾಲುಗಳಿರಲಿಲ್ಲ, ಅಷ್ಟೆ.

ಜೀಪು ಬಂತು. ಚಾಲಕ ಬೋರ್ಡು ಹಿಡಿದು ಇಳಿದ. ಮೇಷ್ಟ್ರು ಸೆಲ್ಯೂಟ್ ಹೊಡೆದರು. ಮೇಡಂ ಆ ಕಡೆ ಈ ಕಡೆ ನೋಡಿದರು.

"ತೋಟ ಎಲ್ರೀ?"

"ಇದೇ ಮೇಡಂ."

"ಇದಾ? ಗಾಡಿ ನಿಲ್ಸೋ ಜಾಗ ಅನ್ಕೊಂಡೆ. ಹತ್ತಾರು ಥರದ ಗಿಡ ಒಟ್ಟಿಗೆ ಬೆಳೆದಿದ್ದೀರಿ ಅಂತ ಕೇಳಿದ್ದೆ."

"ಬೆಳಗ್ಗೆವರೆಗೂ ಇತ್ತು ಮೇಡಂ!"

"ಎಲ್ಲರೂ ಹೀಗೇ ಹೇಳ್ತಾರೆ" ಎಂದು ತಿರುಗಿದ ಮೇಡಂ ಕಣ್ಣು ಬೇಲಿಯಾಚೆ ನೆಟ್ಟಿತು. ಕಸದ ಮೂಲೆ! ಪಪ್ಪಾಯಿಯನ್ನು ಅಲಸಂದೆ ತಬ್ಬಿತ್ತು. ಕುಂಬಳದ ಬಳ್ಳಿ ಹಳೆಯ ಕುರ್ಚಿಯ ಮೇಲೆ ಕಾಲುಚಾಚಿ ಮಲಗಿತ್ತು. ಗೆಣಸು, ಬದನೆ, ನಿಂಬೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಬುಡದಲ್ಲಿ ತರಗೆಲೆಯ ಮೆತ್ತನೆ ಹಾಸಿಗೆ.

"ಇದ್ಯಾರ್ದು?"

ಕಸ ಎನ್ನಲು ಬಾಯಿ ತೆರೆದ ಭಾಮೈದನಿಗೆ ಚಾಲಕನ ಕೈಯಲ್ಲಿದ್ದ ಬೋರ್ಡು ಕಂಡಿತು. ಬಾಯಿ ಮುಚ್ಚಿ, ಮತ್ತೆ ತೆರೆದ. "ನಂದೇ ಮೇಡಂ."

"ಹೇಗೆ ನೆಟ್ರಿ?"

"ನೆಡೋದೆಲ್ಲ ಇಲ್ಲ ಮೇಡಂ. ಎಸೆಯೋದು ಅಷ್ಟೆ."

"ಉಳುಮೆ? ನೀರು? ಔಷಧಿ?"

"ಆ ಕಡೆ ತಲೆನೇ ಹಾಕಲ್ಲ ಮೇಡಂ" ಎಂದ ಭಾಮೈದ. ಅವನ ಜೀವಮಾನದಲ್ಲಿ ಇಷ್ಟು ಸತ್ಯ ಒಟ್ಟಿಗೆ ಹೊರಬಿದ್ದದ್ದು ಅದೇ ಮೊದಲು.

"ಅದ್ಭುತ!" ಮೇಡಂ ಕಣ್ಣಲ್ಲಿ ನೀರೇ ಬಂತು.

"ಅದರಲ್ಲಿರೋ ಒಂದೊಂದು ಬೀಜಾನೂ ನಂದು ಮೇಡಂ!" ಟೇಪಣ್ಣ ಬೇಲಿ ಅಲ್ಲಾಡಿಸಿದ.

"ಸುಮ್ನಿರ್ರೀ" ಎಂದಳು ಹೆಂಡತಿ. "ನನ್ನ ತಮ್ಮ ಉದ್ಧಾರ ಆದ್ರೆ ನಿಮಗ್ಯಾಕೆ ಹೊಟ್ಟೆ ಉರಿ?"

ಮೇಡಂ ಟೇಪಣ್ಣನ ಬೆನ್ನು ತಟ್ಟಿದರು. "ಬೇಜಾರಾಗ್ಬೇಡಿ. ದಿನಾ ಬೆಳಗ್ಗೆ ಇವರ ಹತ್ರ ಬಂದು ಕಲೀರಿ. ನಿಮ್ಮ ಜಾಗಾನೂ ಒಂದು ದಿನ ಹೀಗಾಗುತ್ತೆ."

ಬೋರ್ಡು ಕಸದ ಮೂಲೆಯಲ್ಲಿ ನಿಂತಿತು. ಮೇಷ್ಟ್ರು ಅದಕ್ಕೂ ಸೆಲ್ಯೂಟ್ ಹೊಡೆದರು. ಹೆಂಡತಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಸಂಜೆಯ ಹೊತ್ತಿಗೆ ತೋಟದ ಗೇಟಿನ ಬೀಗದ ಕೈ ತಮ್ಮನ ಜೇಬಿನಲ್ಲಿತ್ತು.

ಜೀಪಿನ ಸದ್ದು ಅಡಗಿ ಎಷ್ಟೋ ಹೊತ್ತಾದ ಮೇಲೆ ಭಾಮೈದ ಮೆಲ್ಲಗೆ ಬೇಲಿಯ ಹತ್ತಿರ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಭಾವ, ನಾಳೆ ಬೆಳಗ್ಗೆ ಲೇಟಾಗಿ ಬರ್ಬೇಡಿ, ಪಾಠ ಇದೆ. ಅದಕ್ಕೂ ಮುಂಚೆ ಈಗೊಂದ್ಸಲ ಬಂದು ಈ ಗಿಡಗಳ ಹೆಸರೆಲ್ಲ ಹೇಳ್ಕೊಟ್ಟು ಹೋಗಿ. ನಾಳೆ ನಾನು ನಿಮಗೆ ಕಲಿಸ್ಬೇಕಲ್ಲ!"