ಹದಿನಾರು ಅಡಿ ಎತ್ತರದಿಂದ, ತೂಕದ ಮಿತಿ ಗೊತ್ತುಮಾಡುವ ಮಹನೀಯರಿಗೆ

ಟಾಲ್‌ಬರ್ಗ್ ಅಟ್ಟಣೆ ಕಂಪನಿಯಲ್ಲಿ, ಯಾವ ಆಸನ ಎಷ್ಟು ತೂಕ ಹೊರಬಲ್ಲದೆಂದು ಗೊತ್ತುಮಾಡುವ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ತಾವು ಕೂತಿರುವ ಕುರ್ಚಿಯೂ ಕ್ಷೇಮವೆಂದು ನಂಬಿದ್ದೇನೆ. ನಾನು ಆರ್ವಿಡ್ ಕೆಸ್ಟಿಲ, ಮಿಷಿಗನ್ನಿನ ಉತ್ತರ ತುದಿಯ ಹೆಮ್‌ಲಾಕ್ ಬೆಂಡ್ ಎಂಬ ಊರಿನವನು, ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು, ವಯಸ್ಸು ಐವತ್ತೆಂಟು. ತೂಕವನ್ನು ಮುಂದೆ ಸವಿಸ್ತಾರವಾಗಿ ನಿವೇದಿಸಿಕೊಳ್ಳುತ್ತೇನೆ, ಏಕೆಂದರೆ ನಮ್ಮಿಬ್ಬರ ಸಂಬಂಧ ಏರ್ಪಟ್ಟದ್ದೇ ಅದರ ಮೂಲಕ. ತಮಗೆ ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಮೂರು ಸಲ ಬಂದದ್ದರಿಂದ, ಅಷ್ಟು ಅಮೂಲ್ಯವಾದುದನ್ನು ನಾವಿಬ್ಬರೇ ಬಚ್ಚಿಟ್ಟುಕೊಳ್ಳುವುದು ಸ್ವಾರ್ಥವೆನಿಸಿ, ಈ ನಾಲ್ಕನೆಯದನ್ನು ನಮ್ಮೂರಿನ ವಾರಪತ್ರಿಕೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸುತ್ತಿದ್ದೇನೆ.

ಇಷ್ಟು ದಪ್ಪ ಮನುಷ್ಯನಿಗೆ ಮರ ಹತ್ತುವ ಚಪಲವೇಕೆ ಎಂದು ತಾವು ಕೇಳಬಹುದು. ನಮ್ಮಲ್ಲಿ ನವೆಂಬರ್ ಹದಿನೈದು ಬಂದೂಕಿನ ಜಿಂಕೆ ಬೇಟೆಯ ಮೊದಲ ದಿನ. ಅಂದು ಶಾಲೆಗೆ ರಜೆ, ಕ್ಷೌರದಂಗಡಿಗೆ ಬೀಗ, ಹಲ್ಲುನೋವು ಬಂದವರು ಹದಿನಾರರವರೆಗೆ ಕಾಯಬೇಕು. ಮೂವತ್ತು ವರ್ಷ ನಾನು ನೆಲದ ಮೇಲೆ ಕೂತೇ ಬೇಟೆಯಾಡಿದೆ. ಆದರೆ ನನ್ನಷ್ಟು ವಿಸ್ತಾರವಾದ ಆಸಾಮಿಯ ವಾಸನೆಯನ್ನು ಜಿಂಕೆಗಳು ಪಕ್ಕದ ಜಿಲ್ಲೆಯಿಂದಲೇ ಹಿಡಿಯುತ್ತವೆ. ಮಂಡಿಗಳೂ ಈಚೆಗೆ ಮಡಿಸಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಿಸುವುದಿಲ್ಲ. ಒಂಬತ್ತು ವರ್ಷ ಬರಿಗೈಯಲ್ಲಿ ಬಂದೆ. ಬೇಟೆ ಶಿಬಿರದ ಗೆಳೆಯರು ಒಳ್ಳೆಯವರು, ಎಷ್ಟು ಒಳ್ಳೆಯವರೆಂದರೆ ಯಾರೂ ಏನೂ ಅನ್ನದೆ ಮೆಲ್ಲಗೆ ಸೌಟನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಹೋದ ವರ್ಷ ಯಾರು ಕಾಡಿನ ಯಾವ ಕಡೆ ಕೂರುವುದೆಂದು ಹಂಚಿಕೊಳ್ಳುವಾಗ ನನ್ನ ಹೆಸರೇ ಬರಲಿಲ್ಲ. ನೆರೆಮನೆಯ ವೆಂಡೆಲ್, “ಆರ್ವಿಡ್ ಒಲೆ ಹತ್ರ ಇರ್ತಾನೆ ಬಿಡು,” ಎಂದ. ಅವನಿಗದು ಪ್ರೀತಿಯ ಮಾತು. ನಾನು ಈರುಳ್ಳಿ ಹೆಚ್ಚುತ್ತಿದ್ದುದರಿಂದ ಕಣ್ಣೀರಿಗೆ ಕಾರಣ ಕೇಳುವವರಿರಲಿಲ್ಲ.

ಆಗ ನನ್ನ ಕೈಗೆ ಬಂದದ್ದು ತಮ್ಮ ಬೆಲೆಪಟ್ಟಿ. ಅದರಲ್ಲಿ ‘ಚಕ್ರವರ್ತಿ’ ಎಂಬ ಹೆಸರಿನ ಹತ್ತುವ ಅಟ್ಟಣೆ, ‘ದೊಡ್ಡ ಬೇಟೆಗಾರರಿಗೆಂದೇ’ ಎಂಬ ಒಕ್ಕಣೆ, ಮತ್ತು ಅದರ ಮೇಲೆ ಕೂತಿದ್ದ, ಗಾಳಿಗೆ ಹಾರಿಹೋದಾನೆಂದು ಭಯವಾಗುವಂಥ ಒಬ್ಬ ಸಣಕಲು ಯುವಕ. ಓದುಗರಲ್ಲಿ ಈ ಯಂತ್ರವನ್ನು ಕಾಣದವರಿಗಾಗಿ ಎರಡು ಮಾತು: ಮೇಲೊಂದು ಆಸನ, ಕೆಳಗೊಂದು ಪಾದದ ಹಲಗೆ, ಎರಡೂ ಉಕ್ಕಿನ ಹಗ್ಗದಿಂದ ಮರವನ್ನು ತಬ್ಬಿರುತ್ತವೆ, ಕೂತು ಹಲಗೆಯನ್ನು ಕಾಲಿನಿಂದ ಎತ್ತಿ, ನಿಂತು ಆಸನವನ್ನು ಕೈಯಿಂದ ಎತ್ತಿ, ಕಂಬಳಿಹುಳುವಿನ ಹಾಗೆ ಮೇಲೇರಬೇಕು. ಮಿತಿ ಮುನ್ನೂರೈವತ್ತು ಪೌಂಡು ಎಂದು ತಾವು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಿರಿ. ಆ ಅಕ್ಷರಗಳ ದಪ್ಪ ನೋಡಿಯೇ ನನಗೆ ತಮ್ಮ ಮೇಲೆ ಬಂಧುಭಾವ ಹುಟ್ಟಿತು.

ನನ್ನ ತೂಕ ನನಗೆ ಗೊತ್ತಿರಲಿಲ್ಲ, ಏಕೆಂದರೆ ನಮ್ಮ ಮನೆಯ ತಕ್ಕಡಿ ಮುನ್ನೂರಕ್ಕೆ ಬಂದು ಕೈಮುಗಿದು ನಿಲ್ಲುತ್ತದೆ. ಹಾಗಾಗಿ ಬೇಟೆ ಸಾಮಾನಿನ ಅಂಗಡಿಯ ಲೈಲ್ ನಿಗ್ರೆನ್ ಬಳಿಗೆ ಹೋದೆ. ಆತ ತನ್ನ ಅಂಗಳದಲ್ಲಿ, ‘ಈ ವರ್ಷದ ಅತಿ ಭಾರದ ಜಿಂಕೆ’ ಪಂದ್ಯಕ್ಕೆಂದು ತೂಗುಹಾಕಿದ್ದ ಕೊಕ್ಕೆಗೆ ಒಂದು ಜೋಲಿ ಕಟ್ಟಿ ನನ್ನನ್ನು ಎತ್ತಿ ತೂಗಿದ. ಮುನ್ನೂರ ಇಪ್ಪತ್ತಾರು. ನಾನು ಇಳಿಯುವಷ್ಟರಲ್ಲಿ ಲೈಲ್ ಅದನ್ನು ಪಂದ್ಯದ ಹಲಗೆಯ ಮೇಲೆ ‘ಕೆಸ್ಟಿಲ, 326, ಕೊಂಬಿಲ್ಲ’ ಎಂದು ಬರೆದಾಗಿತ್ತು. ಬಿಲ್ಲಿನ ಬೇಟೆ ಆಗತಾನೇ ಶುರುವಾಗಿದ್ದ ಆ ವಾರ ನಾಲ್ಕು ದಿನ ನಾನೇ ಮೊದಲಿದ್ದೆ; ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಕೈಕುಲುಕಿ ಅಭಿನಂದಿಸಿದರು.

ಮಿತಿಯೊಳಗೆ ಇಪ್ಪತ್ತನಾಲ್ಕು ಪೌಂಡು ಜಾಗವಿದೆ ಎಂದು ಹಿಗ್ಗಿ ಅಟ್ಟಣೆ ತರಿಸಿದೆ. ಪೆಟ್ಟಿಗೆಯ ತಳದಲ್ಲಿ, ಇರುವೆ ಬರೆದಂಥ ಅಕ್ಷರದಲ್ಲಿ, ಮಿತಿಯೆಂದರೆ ಮನುಷ್ಯ ಮಾತ್ರವಲ್ಲ, ಬಟ್ಟೆ, ಬೂಟು, ಬಂದೂಕು, ಚೀಲ, ಊಟ ಎಲ್ಲ ಸೇರಿ ಎಂದಿತ್ತು. ಸತ್ಯವನ್ನು ಇಷ್ಟು ನಾಚಿಕೆಯಿಂದ ಹೇಳುವವರು ಈ ಕಾಲದಲ್ಲಿ ಅಪರೂಪ. ಎಲ್ಲ ತೊಟ್ಟು ಮತ್ತೆ ಲೈಲನ ಕೊಕ್ಕೆಗೆ ತೂಗಿಕೊಂಡರೆ ಮುನ್ನೂರ ಅರವತ್ತೊಂದು. ತಮ್ಮ ಸಹಾಯವಾಣಿಗೆ ಕರೆಮಾಡಿದೆ. ಡೊರೀನ್ ಎಂಬ ಹೆಂಗಸು ಬಹಳ ವಿನಯದಿಂದ, ಸಾಹೇಬರು ಬೂಟಿಲ್ಲದೆ ಹತ್ತುವ ಬಗ್ಗೆ ಯೋಚಿಸಿದ್ದಾರೆಯೇ ಎಂದು ಮುಂದಿದ್ದ ಕಾಗದ ನೋಡಿ ಓದಿದಳು. ನವೆಂಬರಿನಲ್ಲಿ ನಮ್ಮಲ್ಲಿ ಬೂಟಿಲ್ಲದವರನ್ನು ಹೂಳುವುದಕ್ಕೂ ಹೆಪ್ಪುಗಟ್ಟಿದ ನೆಲ ಅಗೆಯಲಾಗದು ಎಂದು ತಿಳಿಸಿ, ಮಾಂಸ-ಆಲೂಗಡ್ಡೆಯ ಪೇಸ್ಟಿಯನ್ನು ಕೆಳಗೇ ತಿಂದು ಹತ್ತಿದರೆ ಅದು ಊಟವೋ ಮನುಷ್ಯನೋ ಎಂದು ಕೇಳಿದೆ. ಮೇಲಿನವರನ್ನು ವಿಚಾರಿಸಿ ಹೇಳುತ್ತೇನೆಂದಳು. ಮೇಲಿನವರು ತಾವೇ ಇರಬೇಕು.

ಅಂತೂ ನಾನೇ ಕರಗಿದೆ. ನನ್ನ ಹೆಂಡತಿ ಮಾರ್ಲಿಸ್ ಮೂರು ವಾರ ಎಲೆಕೋಸಿನ ಸಾರು ಕುಡಿಸಿದಳು, ಹನ್ನೆರಡು ಪೌಂಡು ಇಳಿದೆ. ಜಾರಿದರೆ ಬೀಳದಂತೆ ಮೈಗೆ ತೊಡಲೆಂದು ತಾವು ಜೊತೆಗೆ ಕಳಿಸಿದ ರಕ್ಷಣಾ ಪಟ್ಟಿಯಲ್ಲಿ ತೊಡೆಗೆಂದು ಮಾಡಿದ ಭಾಗ ನನ್ನ ಮುಂದೋಳಿಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ನೋಡಿ ವೆಂಡೆಲ್ ತಾನು ಕೆಲಸದಲ್ಲಿ ತೊಡುವ ಪಟ್ಟಿಯೊಂದನ್ನೂ ಅದನ್ನು ಮರಕ್ಕೆ ಬಿಗಿಯುವ ಹಗ್ಗವನ್ನೂ ತಂದುಕೊಟ್ಟ. ಆತ ವಿದ್ಯುತ್ ಕಂಬ ಹತ್ತುವವನು. “ನೆಲ ಬಿಡೋಕೆ ಮುಂಚೇನೇ ಹಗ್ಗಕ್ಕೆ ಸಿಕ್ಕಿಸ್ಕೋ, ಹತ್ತೋಷ್ಟು ದೂರಾನೂ ಹಾಗೇ ಇರ್ಬೇಕು,” ಎಂದ. “ಮೇಲೆ ಹೋದ್ಮೇಲೆ ಸಿಕ್ಕಿಸ್ಕೊಳ್ತೀನಿ ಅಂದೋರ್ನೆಲ್ಲ ನಾನು ಆಸ್ಪತ್ರೇಲೇ ನೋಡಿರೋದು.” ಕಾಲಿಡಲು ಒಂದು ಕುಣಿಕೆಯನ್ನೂ ಕೊಟ್ಟು, ಎಂದಾದರೂ ತೂಗಾಡುವ ಪ್ರಸಂಗ ಬಂದರೆ ಅದರಲ್ಲಿ ನಿಂತು ಕಾಲಿಗೆ ರಕ್ತ ಹರಿಸುತ್ತಿರಬೇಕು, ಸುಮ್ಮನೆ ಜೋತುಬಿದ್ದಿದ್ದರೆ ಪಟ್ಟಿಯೇ ಕೊಲ್ಲುತ್ತದೆ ಎಂದ.

ಅಕ್ಟೋಬರಿನ ಕೊನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಮನೆಯ ಹಿಂದೆ ವಿದ್ಯುತ್ ತಂತಿ ಹಾದುಹೋಗುವ ಬಯಲಿನಂಚಿನ ಆಸ್ಪೆನ್ ಮರವನ್ನು ಅಭ್ಯಾಸಕ್ಕೆಂದು ಹತ್ತಿದೆ. ಆ ಮರದ ತೊಗಟೆ ನುಣುಪು, ಆದರೆ ತಮ್ಮ ಕೈಪಿಡಿಯ ಚಿತ್ರದಲ್ಲಿದ್ದದ್ದೂ ಅಂಥದೇ ಮರ. ಬಂದೂಕಿಲ್ಲದ್ದರಿಂದ ತಮ್ಮ ಮಿತಿಗಿಂತ ಒಂಬತ್ತು ಪೌಂಡು ಕಡಿಮೆಯೇ ಇದ್ದೆ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಬೇಕಾಗಿ ವಿನಂತಿ. ಹದಿನಾರು ಅಡಿಯಲ್ಲಿ ಎದ್ದುನಿಂತಾಗ, ಹಲಗೆಯನ್ನೂ ಆಸನವನ್ನೂ ಬೆಸೆಯುವ, ಪೆನ್ನಿನ ಮುಚ್ಚಳದಂಥ ಪ್ಲಾಸ್ಟಿಕ್ ಕೊಂಡಿ ಟಪ್ ಎಂದಿತು. ಹಲಗೆ ಇಷ್ಟು ಹೊತ್ತು ಇದ್ದುದೇ ಹೆಚ್ಚು ಎಂಬಂತೆ ಮರ ಕೆರೆಯುತ್ತ ಬುಡಕ್ಕೆ ಇಳಿದುಹೋಯಿತು. ನಾನು ವೆಂಡೆಲನ ಪಟ್ಟಿಯಲ್ಲಿ ಗಂಟೆಯ ನಾಲಿಗೆಯ ಹಾಗೆ ತೂಗಾಡಿದೆ.

ಹೆದರಲಿಲ್ಲವೆಂದರೆ ಸುಳ್ಳಾದೀತು. ಕುಣಿಕೆಯಲ್ಲಿ ಒಂದು ಕಾಲು ಊರಿ, ಎದೆಯ ಜೇಬಿನಿಂದ ಫೋನ್ ತೆಗೆದೆ. ಮಾರ್ಲಿಸ್ ಚರ್ಚಿನ ಹಾಡಿನ ಅಭ್ಯಾಸದಲ್ಲಿದ್ದಳು, ಎತ್ತಲಿಲ್ಲ. ವೆಂಡೆಲನೂ ಎತ್ತಲಿಲ್ಲ. ನನ್ನ ಮೂಗಿಗೆ ನೇರವಾಗಿ ಆಸನದ ಅಡಿಯಲ್ಲಿ ‘ಯಾವುದೇ ಕ್ಷಣ, ಯಾವುದೇ ನೆರವು’ ಎಂದು ತಮ್ಮ ಸಂಖ್ಯೆಯ ಚೀಟಿ ಅಂಟಿಸಿತ್ತು. ಜಿಲ್ಲೆಯ ತುರ್ತು ಸಂಖ್ಯೆ ಮೂರೇ ಅಂಕಿಯದೆಂಬುದು ಹೆದರಿದ ತಲೆಗೆ ಹೊಳೆಯಲೇ ಇಲ್ಲ, ಕಣ್ಣೆದುರಿನದನ್ನೇ ಒತ್ತಿದೆ.

“ಸರ್, ನೀವೀಗ ಹಲಗೆ ಮೇಲೆ ನಿಂತಿದ್ದೀರಾ?” ಎಂದಳು ಡೊರೀನ್.

“ಇಲ್ಲಮ್ಮ, ಹಲಗೆ ಕೆಳಗಿದೆ. ನಾನು ಮೇಲಿದೀನಿ.”

“ಸರಿ ಸರ್. ಹಾಗಾದ್ರೆ ದಯವಿಟ್ಟು ಕೆಳಗಿಳಿದು ಹಲಗೆ ಹಿಂಭಾಗದಲ್ಲಿರೋ ನಂಬರ್ ಓದಿ ಹೇಳ್ತೀರಾ?”

ಮಾನ್ಯರೇ, ನಾನು ನಕ್ಕೆ. ಹದಿನಾರು ಅಡಿ ಎತ್ತರದಲ್ಲಿ ನನ್ನ ಗಾತ್ರದವನು ನಕ್ಕರೆ ಮರವೆಲ್ಲ ನಗುತ್ತದೆ. ಹಳದಿ ಎಲೆಗಳು ಉದುರಿದವು. ಆ ಸದ್ದು ಕೇಳಿ ಆಕೆಗೆ ಏನೋ ಹೊಳೆಯಿತೆಂದು ಕಾಣುತ್ತದೆ. ಕಾಗದ ಮಗುಚಿಟ್ಟ ಸದ್ದಾಗಿ, ಬೇರೆಯೇ ದನಿಯಲ್ಲಿ, “ಅಯ್ಯೋ ದೇವರೇ, ನೇತಾಡ್ತಾ ಇದ್ದೀರಾ? ಯಾವೂರು ಹೇಳಿ. ಫೋನ್ ಮಾತ್ರ ಇಡ್ಬೇಡಿ,” ಎಂದಳು. ಇನ್ನೊಂದು ಫೋನಿನಿಂದ ನಮ್ಮ ಜಿಲ್ಲೆಗೆ ಸುದ್ದಿ ಮುಟ್ಟಿಸಿದಳು. ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ ಈಗ ಬಲಗಾಲು, ಈಗ ಎಡಗಾಲು ಎಂದು ಕುಣಿಕೆ ಬದಲಿಸುವಂತೆ ಎಚ್ಚರಿಸುತ್ತ, ನಡುನಡುವೆ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಪೀಪಾಯಿಗೆ ಬಿದ್ದು ಎದ್ದುಬಂದ ತನ್ನ ತಂದೆಯ ಕಥೆ ಹೇಳುತ್ತ, ಐವತ್ತೆರಡು ನಿಮಿಷ ನನ್ನ ಜೊತೆಗಿದ್ದಳು. ಅಷ್ಟರಲ್ಲಿ ಹೆಣ್ಣು ಜಿಂಕೆಯೊಂದು ಬಂದು ಹಲಗೆಯ ಮೇಲೆ ಕಾಲಿಟ್ಟು, ಗಟ್ಟಿಯಿದೆಯೇ ಎಂದು ನೋಡುವಂತೆ ನಿಂತು, ಹೋಯಿತು.

ಬಂದವನು ಲೈಲ್, ನಮ್ಮೂರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೂ ಅವನೇ ಮುಖ್ಯಸ್ಥ. ಏಣಿ ಚಾಚಿ ಆನಿಸಿ, ಅದರ ಮೇಲಿನ ಚೀಟಿ ಓದಿ, ಟೋಪಿ ತೆಗೆದ.

“ಏಣಿ ಮುನ್ನೂರು ಅಂತ ಬರ್ದಿದೆ ಆರ್ವಿಡ್. ನೀನೀಗ ಎಷ್ಟಿದೀಯ?”

“ಮುನ್ನೂರ ಹದಿನಾಲ್ಕು.”

“ಇಳ್ಸಿದೀಯ ಮಾರಾಯ. ಎದ್ದು ಕಾಣ್ತಿದೆ.”

ಕೊನೆಗೆ ಲೈಲ್ ಕರೆಸಿದ್ದರಿಂದ ವೆಂಡೆಲ್, ಆಳನ್ನು ತಂತಿಯ ಎತ್ತರಕ್ಕೆ ಏರಿಸುವ ತನ್ನ ಇಲಾಖೆಯ ಬುಟ್ಟಿ ಲಾರಿಯನ್ನು ತಂತಿಯ ಬಯಲಿಗೆ ಓಡಿಸಿಕೊಂಡು ಬಂದ. ಬುಟ್ಟಿಯ ಮಿತಿ ಇಬ್ಬರಿಗೆ ಸಾಲದೆಂದು ಖಾಲಿ ಬುಟ್ಟಿಯನ್ನೇ ಕೆಳಗಿನ ಹಿಡಿಕೆಗಳಿಂದ ನನ್ನ ಕಾಲಡಿಗೆ ತಂದು ನಿಲ್ಲಿಸಿದ. ನೇತಾಡಲು ತೊಡಗಿ ಒಂದು ಗಂಟೆ ನಲವತ್ತು ನಿಮಿಷಕ್ಕೆ ನಾನು ಗಟ್ಟಿ ತಳದ ಮೇಲೆ ನಿಂತೆ. ಇಳಿಸುವ ಮೊದಲು ಒಂದು ನಿಮಿಷ ತಡೆಯಲು ಹೇಳಿದೆ. ಹುಟ್ಟಿದಾಗಿನಿಂದ ಒಳಗಿನಿಂದಲೇ ಕಂಡ ಕಾಡನ್ನು ಮೊದಲ ಸಲ ಮೇಲಿನಿಂದ ಕಂಡೆ: ಹಳದಿ, ಅದರಾಚೆ ಕಪ್ಪು ಫರ್ ಮರಗಳು, ಅದರಾಚೆ ಹೊಳೆ. ಜಿಂಕೆಗಳ ಜಾಡು ಬೈತಲೆಯಷ್ಟು ಸ್ಪಷ್ಟ. ಇಷ್ಟು ಕಂಡ ಮೇಲೆ ನೆಲಕ್ಕೆ ಸುಮ್ಮನೆ ಮರಳುವುದು ನನ್ನಿಂದಾಗದ ಮಾತು.

ಮಾರ್ಲಿಸ್ ಬಂದಳು, ಬುಡದ ಹಲಗೆ ನೋಡಿದಳು, ನನ್ನನ್ನು ನೋಡಿದಳು, “ಊಟ ಹನ್ನೆರಡೂವರೆಗೆ ಅಂದಿದ್ದೆ,” ಎಂದಳು. ಮನೆಯಲ್ಲಿ ರೊಟ್ಟಿ ಕೊಯ್ಯುವಾಗ ಮಾತ್ರ ಚಾಕು ಕೆಳಗಿಟ್ಟು, ನನ್ನ ತೋಳು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ, ಹತ್ತುವುದೇ ಆದರೆ ಮೊದಲು ನಿನ್ನಷ್ಟು ದಪ್ಪಗಿರುವವನು ಮಾಡಿದ ಅಟ್ಟಣೆ ಹುಡುಕು ಎಂದಳು.

ತಮಗೆ ಹೊಟ್ಟೆಕಿಚ್ಚಾಗದಿದ್ದರೆ ತಿಳಿಸುತ್ತೇನೆ, ಅಂಥವನು ಸಿಕ್ಕ. ವಿಸ್ಕಾನ್ಸಿನ್ನಿನ ಓಟಿಸ್ ಬ್ರಾಂಡ್‌ವೋಲ್ಡ್ ಎಂಬ ಮುದುಕ, ಬೆಸುಗೆ ಕೆಲಸದವನು, ನನಗಿಂತ ಐವತ್ತು ಪೌಂಡು ಶ್ರೀಮಂತ. ಅಂಗಳದ ಕಂಬಕ್ಕೆ ಮೂರಡಿ ಎತ್ತರದಲ್ಲಿ ತನ್ನ ಅಟ್ಟಣೆ ಕಟ್ಟಿ ಎರಡು ಗಂಟೆ ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ತೊಡೆ ಜೋಮು ಹಿಡಿಯಿತೇ, ಸೊಂಟದ ಪಕ್ಕ ಕಂಬಿ ಒತ್ತಿತೇ, ತಿರುಗಿ ಕೂರಲು ಜಾಗವಿದೆಯೇ ಎಂದು ದರ್ಜಿಯ ಹಾಗೆ ವಿಚಾರಿಸಿದ. ಅವನ ಮಿತಿ ಐನೂರು ಪೌಂಡು. ಎರಡು ಭಾಗಗಳನ್ನು ಬೆಸೆಯುವುದು ಎರಡು ದಪ್ಪ ಹಗ್ಗ. ಮಿತಿಯನ್ನು ಹೇಗೆ ಗೊತ್ತುಮಾಡಿದಿರಿ ಎಂದರೆ, “ಮೊದ್ಲು ಮರಳುಚೀಲ, ಆಮೇಲೆ ನಾನು. ಮೂರು ಚಳಿಗಾಲ ಕೂತಿದೀನಿ,” ಎಂದ. ನುಣುಪು ಮರ ಬಿಟ್ಟು ಒರಟು ತೊಗಟೆಯ ಮೇಪಲ್ ಹತ್ತು ಎಂದೂ ಹೇಳಿ ಕಳಿಸಿದ.

ನವೆಂಬರ್ ಹದಿನೈದರಂದು ಜಾಗ ಹಂಚುವಾಗ ನಾನೇ ಎದ್ದು, ಹೊಳೆಯಂಚಿನ ಮೇಪಲ್ ಮರ ನನ್ನದು ಎಂದೆ. ಯಾರೂ ನಗಲಿಲ್ಲ. ಒಂಬತ್ತೂವರೆಗೆ ಆರು ಕವಲಿನ ಕೊಂಬಿನ ಗಂಡು ಜಿಂಕೆ ಬಂತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಹಿಂದೆ ನೋಡಿತು, ಮೇಲೆ ಮಾತ್ರ ನೋಡಲಿಲ್ಲ. ನನ್ನಂಥವನು ಅಲ್ಲಿರಬಹುದೆಂದು ಅದರ ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಗುಂಡು. ಆಮೇಲೆ ನಾನೇ ಇಳಿದೆ, ಕಂಬಳಿಹುಳು ಹಿಂದೆ ಸರಿದ ಹಾಗೆ, ಹಗ್ಗದಲ್ಲೇ ಇದ್ದುಕೊಂಡು, ಕೊನೆಯವರೆಗೆ.

ಈ ಸಂತೋಷ ತಿಳಿಸೋಣವೆಂದು ಮರುದಿನ ತಮ್ಮ ಸಹಾಯವಾಣಿಗೆ ಕರೆಮಾಡಿದಾಗ ಬೇರೊಂದು ದನಿ ಬಂತು. ಒಬ್ಬ ಗ್ರಾಹಕನಿಗೆ ಆರು ನಿಮಿಷ ಮಾತ್ರವೆಂಬ ನಿಯಮ ಮೀರಿದ್ದಕ್ಕಾಗಿಯೂ, ಓದಬೇಕಾದ ಕಾಗದ ಬಿಟ್ಟು ಸ್ವಂತ ಮಾತಾಡಿದ್ದಕ್ಕಾಗಿಯೂ ಡೊರೀನಳಿಗೆ ಎಚ್ಚರಿಕೆಯ ಓಲೆ ಕೊಟ್ಟು, ಸಂಬಳವಿಲ್ಲದ ‘ಮರುತರಬೇತಿ’ಗೆ ಕಳಿಸಿದ್ದಾರೆಂದು ಆ ದನಿ ಪಿಸುಗುಟ್ಟಿ, ಐದನೇ ನಿಮಿಷಕ್ಕೆ ಫೋನ್ ಇಟ್ಟಿತು. ತಮ್ಮ ಕಂಪನಿ ನನಗೆ ಕಳಿಸಿದ ಸರಕಿನಲ್ಲೆಲ್ಲ ಒತ್ತಡಕ್ಕೆ ಮುರಿಯದೆ ನಿಂತದ್ದು ಆಕೆಯೊಬ್ಬಳೇ. ಅದನ್ನೇ ಹಿಂದಕ್ಕೆ ತೆಗೆದುಕೊಂಡ ತಮ್ಮ ಗುಣಮಟ್ಟದ ಕಾಳಜಿಗೆ ಮಾತೇ ಹೊರಡದು.

ಆದ್ದರಿಂದ ನನ್ನ ಪ್ರಾರ್ಥನೆ ಸಣ್ಣದು. ಹಣ ಹಿಂದಿರುಗಿಸಬೇಡಿ, ಆಸನವನ್ನೂ ಬದಲಿಸಿಕೊಡಬೇಡಿ. ಆ ಓಲೆಯನ್ನು ಹರಿದುಹಾಕಿ, ಆಕೆಯ ಸಂಬಳ ಕೊಟ್ಟು, ಆಕೆಯನ್ನು ತಮ್ಮ ಸ್ಥಾನದಲ್ಲಿ ಕೂರಿಸಿ, ತಾವು ಬಿಡುವು ಮಾಡಿಕೊಂಡು ಹೆಮ್‌ಲಾಕ್ ಬೆಂಡ್‌ಗೆ ದಯಮಾಡಿಸಬೇಕು. ಆಸ್ಪೆನ್ ಮರ ಖಾಲಿಯಿದೆ. ಹತ್ತಿಸಲು ನಾವಿದ್ದೇವೆ. ಇಳಿಯುವುದರ ಬಗ್ಗೆ ಸಂದೇಹ ಬಂದರೆ ಆಕೆಗೆ ಕರೆಮಾಡಬಹುದು, ಅವಳು ಎತ್ತುತ್ತಾಳೆ.

ಒಂದೇ ಹಗ್ಗದ ಮೇಲಿನ ನಂಬಿಕೆಯಿಂದ ಬದುಕಿ ಉಳಿದಿರುವ,

ತಮ್ಮ ವಿಶ್ವಾಸಿ,
ಆರ್ವಿಡ್ ಕೆಸ್ಟಿಲ

ತಾ.ಕ.: ಇದನ್ನು ಮುಗಿಸುತ್ತಿರುವಾಗಲೇ ತಮ್ಮ ‘ಗ್ರಾಹಕ ತೃಪ್ತಿ’ ಪ್ರಶ್ನಾವಳಿ ಅಂಚೆಯಲ್ಲಿ ಬಂತು. ತುಂಬಿ ಕಳಿಸಿದ್ದೇನೆ. ‘ನಮ್ಮ ಅಟ್ಟಣೆಯನ್ನು ನೀವು ಹೆಚ್ಚಾಗಿ ಬಳಸುವುದು ಕೂತೋ, ನಿಂತೋ?’ ಎಂಬಲ್ಲಿ ಮೂರನೆಯ ಚೌಕವೊಂದನ್ನು ನಾನೇ ಬರೆದುಕೊಳ್ಳಬೇಕಾಯಿತು. ‘ಬಂಧುಮಿತ್ರರಿಗೆ ಇದನ್ನು ಶಿಫಾರಸು ಮಾಡುವಿರಾ?’ ಎಂಬುದಕ್ಕೆ ಮಾಡುವೆನೆಂದೇ ಉತ್ತರಿಸಿದ್ದೇನೆ. ಯಾವ ಬಂಧುಗಳಿಗೆ ಎಂಬ ಪಟ್ಟಿ ಪ್ರತ್ಯೇಕವಾಗಿ ಲಗತ್ತಿಸಿದೆ, ಅದನ್ನು ಮಾತ್ರ ದಯವಿಟ್ಟು ಗುಟ್ಟಾಗಿಡಬೇಕು.