ಹಳೆ ಕಾರಿನ ಕಾವಲು

ಕಾರಿನ ಕವರನ್ನು ಗಾಳಿ ಹಾರಿಸಿದ್ದಲ್ಲ, ನಾನೇ ತೆಗೆದದ್ದು. ಒಂದು ದಿನವಲ್ಲ, ದಿನಾ. ಮಗನ ಹತ್ತಿರ ಗಾಳಿ ಎಂದು ಹೇಳಿದ್ದು ಸುಳ್ಳು. ಈ ಪ್ರಾಯದಲ್ಲಿ ಸುಳ್ಳು ಹೇಳಬಾರದು ಎನ್ನುತ್ತಾರೆ. ಮತ್ತೆ ಯಾವ ಪ್ರಾಯದಲ್ಲಿ ಹೇಳುವುದು? ಸಣ್ಣವಳಿದ್ದಾಗ ಹೇಳಿದರೆ ಪೆಟ್ಟು ಬೀಳುತ್ತಿತ್ತು. ಈಗ ನನಗೆ ಹೊಡೆಯುವಷ್ಟು ದೊಡ್ಡವರು ಯಾರೂ ಉಳಿದಿಲ್ಲ.

ಕಾರು ನನ್ನ ಮಗ ಹರೀಶನದ್ದು. ನಾವಿರುವುದು ಮಸ್ಕತ್ತಿನ ರೂವಿಯಲ್ಲಿ, ಮೂರನೆಯ ಮಾಳಿಗೆಯಲ್ಲಿ. ಕಾರು ಇರುವುದು ಕೆಳಗೆ, ತಗಡಿನ ಮಾಡಿನ ಅಡಿಯಲ್ಲಿ. ಹರೀಶನಿಗಿಂತ ಅದಕ್ಕೆ ಎರಡು ವರ್ಷ ಪ್ರಾಯ ಹೆಚ್ಚು. ಕೊಂಡ ದಿನ ಅವನು, "ಅಮ್ಮಾ, ಹಳತಾದ ಹಾಗೆ ಇದಕ್ಕೆ ಮರ್ಯಾದೆ ಜಾಸ್ತಿ" ಎಂದ. ಹೇಳಿದ ಮೇಲೆ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ.

ಈ ಸಲ ಕಂಪೆನಿಯವರು ಅವನನ್ನು ನಾಲ್ಕು ತಿಂಗಳಿಗೆ ದೂರದ ಸಲಾಲಾದ ಬಂದರಿನ ಕೆಲಸಕ್ಕೆ ಹಾಕಿದರು. ಹೋಗುವ ಮೊದಲು, ಚಳಿಗಾಲದಲ್ಲಿ ಹಳೆ ಕಾರನ್ನು ಹೇಗೆ ಇಡಬೇಕೆಂದು ಫೋನಿನಲ್ಲಿ ಓದಿದ. ಬರೆದವರು ಹಿಮ ಬೀಳುವ ಊರಿನವರು. ಅವರು ಹೇಳಿದ ಹಾಗೆ ಟ್ಯಾಂಕಿ ತುಂಬಿಸಿದ, ಬ್ಯಾಟರಿಯ ವಯರು ಕಳಚಿದ, ಜಾಕ್ ಕೊಟ್ಟು ಎತ್ತಿ ಮರದ ತುಂಡುಗಳ ಮೇಲೆ ಕೂರಿಸಿದ, ಇಲಿ ನುಗ್ಗದ ಹಾಗೆ ಹೊಗೆ ಕೊಳವೆಗೆ ನಾನು ಮೈ ಒರೆಸುವ ಒಳ್ಳೆಯ ಬೈರಾಸು ತುರುಕಿದ. ಮೇಲಿಂದ ದಪ್ಪದ ಕವರು, ನಾಲ್ಕು ಮೂಲೆಗೆ ಗಂಟು. ಇಲ್ಲಿ ಚಳಿಗಾಲವೆಂದರೆ ಏಸಿ ಬಂದ್ ಮಾಡಿ ಕಿಟಕಿ ತೆರೆಯುವ ಕಾಲ. ಜನ ಮನೆಯಿಂದ ಹೊರಗೆ ಬರುವುದೇ ಆಗ. ತಿರುಗಾಡಲಿಕ್ಕೆ ಸರಿಯಾದ ನಾಲ್ಕು ತಿಂಗಳು ಕಾರಿಗೆ ಕಂಬಳಿ! "ಅಮ್ಮಾ, ದಿನಕ್ಕೊಂದ್ಸಲ ಕೆಳಗೆ ಹೋಗಿ ನೋಡಿ ಬಾ ಆಯ್ತಾ? ಅದನ್ನು ಒಂಟಿ ಬಿಡ್ಬೇಡ" ಎಂದು ಹೇಳಿ ಹೋದ. ಒಂಟಿ ಬಿಡಬಾರದ್ದು ಕಾರನ್ನು.

ಸೊಸೆ ಶೈಲಾ ಏಳು ಗಂಟೆಗೆ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಮೊಮ್ಮಗಳು ಶಾಲೆಯಿಂದ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. "ಊಟ ಮಾಡ್ತೀಯಾ ಪುಟ್ಟಿ?" ಎಂದರೆ ಒಳಗಿಂದ "ಲೇಟರ್, ಅಜ್ಜಿ" ಎಂಬ ಶಬ್ದ ಬರುತ್ತದೆ. ಹಗಲು ಹೊತ್ತಿನಲ್ಲಿ ನನ್ನೊಡನೆ ಮಾತಾಡುವುದು ಲಿಫ್ಟ್ ಒಂದೇ. ಅದೂ ಇಂಗ್ಲಿಷಿನಲ್ಲಿ, ಅರಬಿಯಲ್ಲಿ.

ಇಲಿ ಹೊಕ್ಕಿದೆಯೋ ನೋಡುವ ಎಂದು ಒಂದು ದಿನ ಕವರಿನ ಗಂಟು ಬಿಚ್ಚಿದೆ. ಎದುರಿನ ಬಿಲ್ಡಿಂಗಿನ ಮುದುಕ ಸಾಲಿಂ, ಮೊದಲು ಟ್ಯಾಕ್ಸಿ ಓಡಿಸುತ್ತಿದ್ದವನು, ದಾರಿಯಲ್ಲೇ ನಿಂತ. "ಮಾಮಾ, ಯೇ ಗಾಡಿ ತುಮಾರಾ?" ಎಂದ. ಮಾಮಾ ಎಂದರೆ ಇಲ್ಲಿ ಅಮ್ಮ. ಅವನು ಡ್ರೈವಿಂಗ್ ಕಲಿತದ್ದೇ ಇಂಥ ಕಾರಿನಲ್ಲಂತೆ. ಮುಕ್ಕಾಲು ಗಂಟೆ ಮಾತಾಡಿದ. ಹತ್ತು ವರ್ಷದಿಂದ ಅದೇ ಜಾಗದಲ್ಲಿ ನನಗೆ ಸಲಾಂ ಹೇಳಿ ಹೋದವನೇ ಹೊರತು ನಿಂತವನಲ್ಲ.

ಮರುದಿನ ಪೂರ್ತಿ ಕವರು ತೆಗೆದೆ. ಅದರ ಮರುದಿನ ಒಂದು ಸ್ಟೂಲು ಕೂಡ ತಂದೆ. ಕೇರಳದ ಟೈಲರ್ ನಿಂತ. ಪಾಕಿಸ್ತಾನದ ಲಾರಿ ಡ್ರೈವರ್ ನಿಂತ, ಚಹಾ ಸಹ ತಂದುಕೊಟ್ಟ. ಮುದುಕಿಯನ್ನು ನೋಡಲಿಕ್ಕೆ ಯಾರೂ ನಿಲ್ಲುವುದಿಲ್ಲ, ಮುದಿ ಕಾರನ್ನು ನೋಡಲಿಕ್ಕೆ ನಿಲ್ಲುತ್ತಾರೆ. ನನಗೇನೂ ಬೇಸರವಿಲ್ಲ, ನಿಂತರಲ್ಲ, ಸಾಕು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ನಾನು ವಾರದೊಳಗೆ ಇಂಜಿನಿನ ವಿಷಯ ಮಾತಾಡುತ್ತಿದ್ದೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಗೆ ಹೇಳಿದರಾಯಿತು. ದೊಡ್ಡ ಕಲಿತವರು ಮಾಡುವುದೂ ಅಷ್ಟೇ.

ಕೆಟ್ಟದ್ದು ಒಂದು ಫೋಟೋದಿಂದ. ಒಬ್ಬ ಹುಡುಗ ಕಾರಿಗೆ ಒರಗಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿ, ಫೋಟೋ ತೆಗೆಸಿಕೊಂಡ. ಅವನ ಬೆಲ್ಟು ತಾಗಿ ಬಾಗಿಲಿನಲ್ಲಿ ಬೆರಳುದ್ದದ ಗೀರು ಬಿತ್ತು. ಫೋಟೋ ಹಳೆ ಕಾರಿನ ಮರುಳಿರುವವರ ವಾಟ್ಸಾಪ್ ಗುಂಪಿನಲ್ಲಿ ಸುತ್ತಿ ಸಲಾಲಾ ತಲುಪಿತು. ಹರೀಶ ಫೋನ್ ಮಾಡಿದ.

"ಅಮ್ಮಾ, ಕವರ್ ಎಲ್ಲಿ?"

"ಗಾಳಿಗೆ ಹಾರಿತು ಮಾರಾಯ."

"ಗಾಳಿ ನಾಲ್ಕು ಗಂಟು ಬಿಚ್ಚಿ, ಚೆಂದ ಮಡಚಿ, ನಿನ್ನ ಸ್ಟೂಲಿನ ಅಡಿಗೆ ಇಟ್ಟು ಹೋಯ್ತಾ? ಫೋಟೋದಲ್ಲಿ ಕಾಣ್ತಾ ಉಂಟು."

ನಾಳೆಯೇ ಲಾರಿ ಬರುತ್ತದೆ, ಕಾರನ್ನು ಗೆಳೆಯನ ಗೋದಾಮಿನಲ್ಲಿಟ್ಟು ಬೀಗ ಹಾಕುತ್ತಾರೆ ಎಂದ.

"ಇಲ್ಲೇ ಇರ್ಲಿ ಹರೀಶ. ಇನ್ನು ಮುಟ್ಟುದಿಲ್ಲ."

"ನಿಂಗ್ಯಾಕಮ್ಮ ಆ ತಲೆಬಿಸಿ? ನೀನು ಮೇಲೆ ಆರಾಮಲ್ಲಿ ಕೂತ್ಕೊ."

ನಿಜವಾದ ಕಾರಣ ಹೇಳಬಹುದಿತ್ತು. ಹೇಳಿದರೆ ಅವನು ಅಳುತ್ತಿದ್ದ. ಹೊಟ್ಟೆ ಬಂದ ಗಂಡಸು ಅಳುವುದು ಕೇಳಲಿಕ್ಕೆ ಚೆಂದ ಇಲ್ಲ. ಆಯ್ತು ಎಂದು ಫೋನ್ ಇಟ್ಟೆ.

ಲಾರಿ ಬಂತು, ಕಾರನ್ನು ಹೇರಿಕೊಂಡು ಹೋಯಿತು. ಸಾಲಿಂ ಬಂದು ಖಾಲಿ ಜಾಗ ನೋಡಿದ. "ಖಲಾಸ್, ಮಾಮಾ?" "ಖಲಾಸ್" ಎಂದೆ. ಮೊದಲಿನ ಹಾಗೆ ಸಲಾಂ ಹೇಳಿ ಹೋದ.

ಮರುದಿನ ಬೆಳಿಗ್ಗೆ ನಾನು ಕೆಳಗೆ ಹೋದೆ. ಆ ಜಾಗದಲ್ಲಿ ಯಾವನೋ ಒಬ್ಬ ತನ್ನ ಹೊಸ ಕಾರು ನಿಲ್ಲಿಸುತ್ತಿದ್ದ. ಕಿಟಕಿ ತಟ್ಟಿ, ಇದು ನಮ್ಮ ಜಾಗ, ತೆಗಿ ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಎಲ್ಲಿ ಹೆಸರು ಬರೆದಿದೆ ತೋರಿಸಿ ಎಂದ. ಬರೆದರೆ ಓದಲಿಕ್ಕೆ ಬರುತ್ತದಾ ನಿನಗೆ ಎಂದೆ. ಅವನು ಇಳಿದೇ ಬಂದ. ಅರ್ಧ ಗಂಟೆ ಜಗಳ ನಡೆಯಿತು. ಅವನ ಊರು ಹೈದರಾಬಾದು, ಮೂರು ಮಕ್ಕಳು, ಬೀಪಿ ಉಂಟು ಎಂಬುದೆಲ್ಲ ಅದರ ನಡುವೆಯೇ ತಿಳಿಯಿತು. ಕೊನೆಗೆ ಅವನು, ನಾಳೆಯೂ ಇಲ್ಲೇ ನಿಲ್ಲಿಸುತ್ತೇನೆ, ಏನು ಮಾಡುತ್ತೀರಿ ನೋಡುವ ಎಂದ.

ಎಷ್ಟು ಗಂಟೆಗೆ ಎಂದು ಕೇಳಿದೆ.