ಊಟ ಆಗೇತ್ರಿ

ನಾನು ಸುಳ್ಳುಗಾರನಲ್ಲ. ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದವನು ಹೀಗೆ ಹೇಳಿದರೆ ನಿಮಗೆ ನಗು ಬರಬಹುದು, ನಗಿ. ಆದರೆ ಒಂದೇ ಒಂದು ಪ್ರಶ್ನೆಗೆ ಮಾತ್ರ ನಾನು ತಿಳಿವಳಿಕೆ ಬಂದಾಗಿನಿಂದ ನಿಜ ಹೇಳಿಲ್ಲ. ಅದು ‘ಊಟ ಆತೇನ್ರಿ?’ ಎಂಬ ಪ್ರಶ್ನೆ. ನಮ್ಮ ಯಲಬುರ್ಗಾ ಕಡೆ ಉಣ್ಣುತ್ತ ಕುಳಿತವರು ದಾರಿಯಲ್ಲಿ ಹೋಗುವವರನ್ನು, ಗುರುತಿರಲಿ ಇಲ್ಲದಿರಲಿ, ‘ಬರ್ರಿ, ಊಟ ಮಾಡೂನು’ ಎಂದು ಕರೆಯಲೇಬೇಕು. ಹೋಗುವವರು ‘ಆಗೇತ್ರಿ, ಈಗ ಉಂಡು ಬಂದೆ’ ಎನ್ನಲೇಬೇಕು. ಕರೆದವರು ಇನ್ನೆರಡು ಸಲ ಒತ್ತಾಯ ಮಾಡಬೇಕು. ಮೂರನೆಯ ಸಲಕ್ಕೆ ‘ನೀವು ಇಷ್ಟು ಹೇಳತೀರಂದ ಮ್ಯಾಲ’ ಎಂದು ಅವರ ಉಪಕಾರಕ್ಕೆಂಬಂತೆ ಕುಳಿತುಕೊಳ್ಳಬೇಕು. ಮೊದಲನೆಯ ಕರೆಗೇ ರೊಟ್ಟಿಗೆ ಕೈ ಹಾಕಿದವನನ್ನು ಕಂಡರೆ ನಮ್ಮವ್ವ, ‘ಉಣ್ಣಾಕ ಇಲ್ಲದ ಮನಿಯಿಂದ ಬಂದಾನೇನು?’ ಎನ್ನುತ್ತಿದ್ದಳು. ಹೀಗಾಗಿ ಈ ಶಿಸ್ತು ನನ್ನ ರಕ್ತದಲ್ಲೇ ಇದೆ. ರಕ್ತದಲ್ಲಿ ಸಕ್ಕರೆಯೂ ಇದೆ ಎಂದು ಡಾಕ್ಟರು ಹೇಳಿದ್ದರಿಂದಲೇ ಈ ಕತೆ ಶುರುವಾದದ್ದು.

‘ನಡೀರಿ, ಇಲ್ಲಾ ಸೈಕಲ್ ಹೊಡೀರಿ’ ಎಂದರು ಡಾಕ್ಟರು. ನಾನು ಸೈಕಲ್ ಆರಿಸಿಕೊಂಡೆ, ಏಕೆಂದರೆ ಅದರಲ್ಲಿ ಕುಳಿತುಕೊಳ್ಳಬಹುದು. ಜೊತೆಗೆ ಸಿಕ್ಕವರು ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿರುವ ಖಾದರ್‌ಭಾಯಿ. ತಮ್ಮ ಕೊರಳಿನ ಟೇಪಿನಷ್ಟೇ ತೆಳ್ಳಗಿರುವ ಮನುಷ್ಯ. ಪ್ರತಿ ಭಾನುವಾರ ಬೆಳಗಿನ ಐದಕ್ಕೆ ನಾವಿಬ್ಬರೂ ಹೊರಟು ಕುಕನೂರು ಮುಟ್ಟಿ ತಿರುಗಿ ಬರುತ್ತಿದ್ದೆವು. ‘ಖಾಲಿ ಟಾಕಿ ಮ್ಯಾಲ ಗಾಡಿ ಓಡಂಗಿಲ್ರಿ ಸರ’ ಎಂಬುದು ಅವರ ಸಿದ್ಧಾಂತ. ಅವರು ಎರಡು ಖಜೂರ ತಿಂದು, ಉಪ್ಪು-ಸಕ್ಕರೆ ಹಾಕಿದ ನಿಂಬೆನೀರು ಕುಡಿಯುತ್ತಿದ್ದರು. ನಾನು ಆ ಸಿದ್ಧಾಂತವನ್ನು ಮನಸಾರೆ ಒಪ್ಪಿಕೊಂಡು ಸ್ವಲ್ಪ ವಿಸ್ತರಿಸಿದೆ. ಹೊರಡುವ ಮೊದಲು ಎರಡು ಬಾಳೆಹಣ್ಣು, ದಾರಿಯಲ್ಲಿ ಶೇಂಗಾ ಚಿಕ್ಕಿ, ಕುಕನೂರಿನಲ್ಲಿ ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ಭಜಿ. ತಿರುಗಿ ಹೋಗುವುದಕ್ಕೆ ಶಕ್ತಿ ಬೇಕಲ್ಲ ಎಂದು ಇನ್ನೆರಡು. ಮೂರು ತಿಂಗಳಲ್ಲಿ ಸೈಕಲ್ಲಿನ ಟೈರು ಸವೆಯಿತು, ನಾನು ಸವೆಯಲಿಲ್ಲ. ಬದಲಿಗೆ ಮೂರು ಕಿಲೊ ಏರಿದೆ.

ಹೆಂಡತಿ ಗಿರಿಜಾ ತೂಕದ ಮಷಿನ್ ತರಿಸಿ, ನನ್ನನ್ನು ಅದರ ಮೇಲೆ ನಿಲ್ಲಿಸಿ ತೀರ್ಪು ಕೊಟ್ಟಳು: ‘ಸೈಕಲ್ ತುಳದು ದಪ್ಪ ಆದವ್ರಂದ್ರ ನಾನು ನಿಮ್ಮನ್ನಷ್ಟ ನೋಡೀನಿ. ಬರೋ ತಿಂಗಳು ಒಂದನೇ ತಾರೀಖಿಗೆ ಈ ಮುಳ್ಳು ಇಳೀಲಿಲ್ಲಂದ್ರ, ಸೈಕಲ್ ಕುಷ್ಟಗಿಗೆ ನಮ್ಮ ತಮ್ಮನ ಮನಿಗೆ ಹೋಗತೈತಿ.’ ಆ ಸೈಕಲ್ಲಿನ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಹುಟ್ಟಿತ್ತು. ವಾರದಲ್ಲಿ ಯಾರೂ ನನ್ನನ್ನು ಫೈಲು ಕೇಳದ ಹೊತ್ತೆಂದರೆ ಅದೊಂದೇ. ‘ಮನಿಗೆ ಬರೂತನ ಹೊರಗ ಒಂದ ಅಗಳೂ ಮುಟ್ಟಂಗಿಲ್ಲ’ ಎಂದು ಅವಳ ಮುಂದೆ ಆಣೆ ಮಾಡಿದೆ. ಹುಮ್ಮಸ್ಸಿನಲ್ಲಿ ಶನಿವಾರ ರಾತ್ರಿಯ ಊಟವನ್ನೂ ಬಿಟ್ಟೆ.

ಭಾನುವಾರ ಖಾದರ್‌ಭಾಯಿ ಕೇಳಿದರು, ‘ಏನರ ತಿಂದ್ರೇನ್ರಿ ಸರ?’ ‘ತಿಂದೆರಿ’ ಎಂದೆ. ಖಜೂರ ಚಾಚಿದರು. ‘ಹೊಟ್ಟಿ ತುಂಬೇತ್ರಿ’ ಎಂದೆ. ಕುಕನೂರಿನ ಹೋಟೆಲಿನಲ್ಲಿ ಆಗಷ್ಟೇ ಮಿರ್ಚಿ ಎಣ್ಣೆಯಿಂದ ಮೇಲೆ ಬರುತ್ತಿದ್ದವು. ನಾನು ಗೋಡೆಯ ಕಡೆ ಮುಖ ಮಾಡಿ ಸಕ್ಕರೆಯಿಲ್ಲದ ಚಹಾ ಕುಡಿದೆ. ಖಾದರ್‌ಭಾಯಿ ಅಂದು ಅದೇ ಊರಿನ ತಂಗಿಯ ಮನೆಯಲ್ಲಿ ಉಳಿದರು. ನಾನೊಬ್ಬನೇ ತಿರುಗಿದೆ.

ಅರ್ಧ ದಾರಿಗೆ ಬರುವಷ್ಟರಲ್ಲಿ ಪೆಡಲು ಹೇಳಿದ ಮಾತು ಕೇಳದಂತಾಯಿತು. ಪ್ರತಿವಾರ ಸಪಾಟಾಗಿರುತ್ತಿದ್ದ ರಸ್ತೆ ಅಂದು ಏರಾಗಿತ್ತು. ಅಷ್ಟರಲ್ಲಿ ರಸ್ತೆ ಬದಿಯ ಬೇವಿನ ಮರದ ಕೆಳಗೆ, ಕಳೆ ತೆಗೆಯಲು ಬಂದ ಅಜ್ಜಿ, ಸೊಸೆ ಇಬ್ಬರೂ ಬುತ್ತಿ ಬಿಚ್ಚಿ ಕುಳಿತದ್ದು ಕಂಡಿತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಆಣೆ-ಗೀಣೆ ಎಲ್ಲ ಅಲ್ಲೇ ಮರೆತೆ. ‘ಬರ್ರೀ ಯಪ್ಪಾ, ಊಟ ಮಾಡೂನು’ ಎಂದಳು ಅಜ್ಜಿ. ದೇವರೇ ಕರೆದಂತಾಯಿತು. ಆದರೆ ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, ‘ಆಗೇತ್ರಿ ಯಮ್ಮಾ, ಈಗ ಉಂಡು ಬಂದೆ’ ಎಂದುಬಿಟ್ಟಿತು.

ಅಜ್ಜಿ ನನ್ನ ಹೊಟ್ಟೆ ನೋಡಿ, ‘ಹೌದ್ ಬಿಡ್ರಿ, ಕಾಣತೈತಿ’ ಎಂದು ರೊಟ್ಟಿ ಮುರಿದಳು. ಎರಡನೆಯ ಕರೆ ಬರಲಿಲ್ಲ! ನಾನು ಸೈಕಲ್ ಇಳಿದು ಚೈನು ಪರೀಕ್ಷಿಸಿದೆ. ಕರೆಯಲಿಲ್ಲ. ಟೈರು ಹಿಚುಕಿ ನೋಡಿದೆ. ‘ಗಾಳಿ ಐತೇನ್ರಿ?’ ಎಂದಳು ಅಜ್ಜಿ. ‘ಐತ್ರಿ.’ ‘ಮತ್ತ ಲಗೂನ ಹೋಗ್ರಿ, ಬಿಸಲಾಕೈತಿ.’ ನನಗೆ ಕಣ್ಣು ಕತ್ತಲೆ ಬಂದು ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತೆ. ‘ಅತ್ತಿ, ಇವ್ರು ಉಂಡಿಲ್ಲ’ ಎಂದಳು ಸೊಸೆ. ಅಜ್ಜಿ ಎದ್ದು ಬಂದು ನನ್ನ ಅಂಗೈಯಲ್ಲಿ ಪಲ್ಯ ಹಚ್ಚಿದ ರೊಟ್ಟಿ ಇಟ್ಟು, ‘ಸುಳ್ಳು ಹೇಳಾಕೂ ಹೊಟ್ಟ್ಯಾಗ ಏನರ ಇರಬೇಕೋ ಯಪ್ಪಾ. ಉಣ್ಣು’ ಎಂದಳು. ಅಲ್ಲಿಯವರೆಗೆ ಇದ್ದ ಬಹುವಚನ ಹೋಗಿತ್ತು. ನಾಲ್ಕು ರೊಟ್ಟಿ ತಿಂದೆ. ಕಣ್ಣಲ್ಲಿ ನೀರು ಬಂತು, ಎಲ್ಲವೂ ಚಟ್ನಿಯ ಖಾರಕ್ಕಲ್ಲ. ಹೊರಡುವಾಗ ಅಜ್ಜಿ ಇನ್ನೆರಡು ರೊಟ್ಟಿಯನ್ನು ಹಳೆಯ ಅರಿವೆಯಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿದಳು.

ಮನೆಯ ಬಾಗಿಲಲ್ಲಿ ಗಿರಿಜಾ ಕಾಯುತ್ತಿದ್ದಳು. ‘ರೀ, ಹೊಟ್ಟಿಗೇನರ ಆತೇನ್ರಿ?’ ಜೀವಮಾನವೆಲ್ಲ ಉಣ್ಣದೆ ‘ಆಗೇತಿ’ ಎಂದವನು, ನಾಲ್ಕು ರೊಟ್ಟಿ ಉಂಡು ಬಂದು ‘ಇಲ್ಲ’ ಎಂದೆ. ಸೈಕಲ್ ಉಳಿಯಬೇಕಿತ್ತಲ್ಲ. ಪಾಪ, ಅವಳ ಕರುಳು ಕರಗಿತು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಹಸಿದವನಂತೆ ಕಾಣಬೇಕೆಂದು ಮೂರು ರೊಟ್ಟಿ ಹೇಗೋ ಇಳಿಸಿದೆ. ಕೈ ತೊಳೆದು ತಿರುಗಿದರೆ ಅವಳ ಕೈಯಲ್ಲಿ ಕ್ಯಾರಿಯರಿನ ಗಂಟು. ‘ಇದ್ಯಾರ ಬುತ್ತಿರೀ?’

ಎಲ್ಲ ಹೇಳಿದೆ. ಸೈಕಲ್ ಇವತ್ತೇ ಕುಷ್ಟಗಿ ಬಸ್ಸಿನ ಮೇಲೇರುತ್ತದೆಂದು ಹೆದರಿದ್ದೆ. ಅವಳು ಬಾಗಿಲು ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, ‘ಅಂದ್ರ, ಅಜ್ಜಿ ಒಂದ ಸಲ ಕರದು ಬಿಟ್ಲು, ಅದಕ್ಕ ನೀವು ಉಪವಾಸ ಬಿದ್ರಿ, ಹೌದಲ್ರೀ?’ ಎಂದು ಏನೋ ಯೋಚಿಸುತ್ತ ಒಳಗೆ ಹೋದಳು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಮುಂದಿನ ಭಾನುವಾರ ನಸುಕಿನಲ್ಲೇ ಎದ್ದು ನನಗೆ ಹಾಲು, ಒಂದು ರೊಟ್ಟಿ ಕೊಟ್ಟಳು. ‘ಇನ್ನೊಂದು ಹಾಕ್ಲೇನ್ರಿ?’ ‘ಬ್ಯಾಡ, ಸಾಕು’ ಎಂದಿತು ನನ್ನ ಬಾಯಿ. ಎರಡನೆಯ ಮಾತಿಗೆ ಕಾಯುತ್ತ ಕುಳಿತೆ. ಅವಳು ರೊಟ್ಟಿ ಬುಟ್ಟಿಗೆ ಮುಚ್ಚಳ ಹಾಕಿದಳು. ಮಧ್ಯಾಹ್ನವೂ ಹಾಗೆಯೇ, ರಾತ್ರಿಯೂ ಹಾಗೆಯೇ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಸಲ ಕೇಳುತ್ತಾರೆ.

ಒಂದನೇ ತಾರೀಖಿಗೆ ಮುಳ್ಳು ಎರಡು ಕಿಲೊ ಇಳಿದಿತ್ತು. ಸೈಕಲ್ ಉಳಿಯಿತು. ಖಾದರ್‌ಭಾಯಿ ನನ್ನ ಪ್ಯಾಂಟಿನ ಸಡಿಲಾದ ಸೊಂಟಕ್ಕೆ ಹೊಲಿಗೆ ಹಿಡಿಯುತ್ತ, ‘ನೋಡ್ರಿ, ಎಲ್ಲಾ ಸೈಕಲ್ ಕಮಾಲ್’ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ನಿನ್ನೆ ಮಾತ್ರ ಗಟ್ಟಿ ಮನಸ್ಸು ಮಾಡಿದೆ. ಮೊದಲ ಸಲಕ್ಕೇ ‘ಹೂಂ, ಹಾಕು’ ಎಂದುಬಿಡಬೇಕು, ಇದರಲ್ಲಿ ನಾಚಿಕೆಯೇನು ಎಂದು ಕಚೇರಿಯಿಂದ ಮನೆಯವರೆಗೆ ಬಾಯಿಪಾಠ ಮಾಡುತ್ತ ಬಂದೆ. ತಟ್ಟೆ ಖಾಲಿಯಾಯಿತು. ಗಿರಿಜಾ ಬುಟ್ಟಿ ಹಿಡಿದು, ‘ಇನ್ನೊಂದು ಹಾಕ್ಲೇನ್ರಿ?’ ಎಂದಳು.

‘ಬ್ಯಾಡ, ಹೊಟ್ಟಿ ತುಂಬೇತಿ’ ಎಂದೆ.